ರಿಚರ್ಡ್ಸ್‌ನ ತರಗತಿ ಮತ್ತು ನಮ್ಮ ಉತ್ತರ ಪತ್ರಿಕೆ

ನವ್ಯ ವಿಮರ್ಶೆಯ ಹಿನ್ನೆಲೆಯನ್ನು ವಿವರಿಸುವ ಕನ್ನಡ ಬರಹಗಳಲ್ಲಿ ಐ. ಎ. ರಿಚರ್ಡ್ಸ್‌ನ ಹೆಸರು ಸಾಮಾನ್ಯವಾಗಿ ಎಲಿಯಟ್ ಮತ್ತು ಲೀವಿಸ್‌ರ ಹೆಸರುಗಳ ನಡುವೆ ಬರುತ್ತದೆ. 'ಪ್ರಾಯೋಗಿಕ ವಿಮರ್ಶೆ'ಯ ಪ್ರವರ್ತಕನೆಂದು ಆತನನ್ನು ಗುರುತಿಸಿ ಮುಂದಕ್ಕೆ ಹೋಗುವುದು ವಾಡಿಕೆ. ಈ ಗುರುತಿಸುವಿಕೆ ತಪ್ಪಲ್ಲ, ಆದರೆ ಅಪೂರ್ಣ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ 'ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ' ಮೂಲತಃ ಕವಿತೆಗಳ ವಿಮರ್ಶೆಯಲ್ಲ. ಅದು ಒಂದು ಕಾಲೇಜು ತರಗತಿಯ ದಾಖಲೆ. ವಿದ್ಯಾರ್ಥಿಗಳು ಬರೆದ ಉತ್ತರಗಳನ್ನು ಒಬ್ಬ ಅಧ್ಯಾಪಕ ಇಷ್ಟು ಗಂಭೀರವಾಗಿ ಓದಿ, ವಿಂಗಡಿಸಿ, ಅವುಗಳಿಂದಲೇ ಪಾಠವನ್ನು ಕಟ್ಟಿದ ನಿದರ್ಶನ ಸಾಹಿತ್ಯ ಬೋಧನೆಯ ಚರಿತ್ರೆಯಲ್ಲಿ ಅಪರೂಪ. ಕನ್ನಡಕ್ಕೆ ಆ ಪುಸ್ತಕದಿಂದ ಬಂದದ್ದು ಓದಿನ ಕ್ರಮ ಮಾತ್ರ, ಅದರ ತರಗತಿ ಬರಲಿಲ್ಲ ಎಂಬುದು ನಮ್ಮ ವಾದ. ಈ ಅರ್ಧ ಸ್ವೀಕಾರದ ಫಲವನ್ನು ನಮ್ಮ ಉತ್ತರ ಪತ್ರಿಕೆಗಳಲ್ಲಿ ಇಂದಿಗೂ ಕಾಣಬಹುದಾಗಿದೆ.

ಮೊದಲು ರಿಚರ್ಡ್ಸ್ ಮಾಡಿದ್ದೇನು ಎಂಬುದನ್ನು ನೆನಪಿಸಿಕೊಳ್ಳುವುದು ಅಗತ್ಯ. ಕೇಂಬ್ರಿಜ್‌ನಲ್ಲಿ ತನ್ನ ಉಪನ್ಯಾಸಗಳಿಗೆ ಬರುತ್ತಿದ್ದವರಿಗೆ ಆತ ಕವಿಯ ಹೆಸರಿಲ್ಲದ ಕವಿತೆಗಳನ್ನು ಮುದ್ರಿಸಿ ಹಂಚುತ್ತಿದ್ದ. ಒಂದು ವಾರದ ಅವಧಿಯಲ್ಲಿ ಅವುಗಳನ್ನು ಓದಿ, ತಮಗೆ ತೋಚಿದ್ದನ್ನು ಬರೆದು ತರಬೇಕು. ಎಷ್ಟು ಸಲ ಓದಿದೆವು ಎಂಬುದನ್ನೂ ನಮೂದಿಸಬೇಕು. ಒಂದೇ ಕೂತದಲ್ಲಿ ನಾಲ್ಕು ಸಲ ಓದಿದರೂ ಅದು ಒಂದು ಓದೆಂದೇ ಲೆಕ್ಕ. ಹೀಗೆ ಬಂದ ಬರಹಗಳನ್ನು ಆತ 'ಪ್ರೋಟೊಕಾಲ್' ಎಂದು ಕರೆದ. ನಾವು ಇಲ್ಲಿ 'ಓದಿನ ಟಿಪ್ಪಣಿ' ಎನ್ನೋಣ. ಮುಂದಿನ ವಾರದ ಉಪನ್ಯಾಸ ಭಾಗಶಃ ಕವಿತೆಗಳ ಬಗೆಗೆ, ಅದಕ್ಕಿಂತ ಹೆಚ್ಚಾಗಿ ಈ ಟಿಪ್ಪಣಿಗಳ ಬಗೆಗೆ ಇರುತ್ತಿತ್ತು. ಪುಸ್ತಕದಲ್ಲಿ ಅಂಥ ಹದಿಮೂರು ಕವಿತೆಗಳಿವೆ. ಟಿಪ್ಪಣಿಗಳನ್ನು ಬರೆದವರ ಹೆಸರಿಲ್ಲದೆ ಕೇವಲ ಸಂಖ್ಯೆಗಳೊಡನೆ ಅಚ್ಚು ಮಾಡಲಾಗಿದೆ. ಡನ್, ಹಾಪ್ಕಿನ್ಸ್ ಮತ್ತು ಲಾರೆನ್ಸ್‌ರ ಕವಿತೆಗಳನ್ನು ಒಪ್ಪದವರ ಸಂಖ್ಯೆ ಒಪ್ಪಿದವರಿಗಿಂತ ಹೆಚ್ಚಾಗಿತ್ತು. ಲಾಂಗ್‌ಫೆಲೋನ ಕವಿತೆಯನ್ನಂತೂ ಬಹುತೇಕ ಎಲ್ಲರೂ ತಳ್ಳಿಹಾಕಿದರು. ಹೆಸರು ಕಾಣದಾಗ ಕೀರ್ತಿಯೂ ಕಾಣುವುದಿಲ್ಲ!

ಈ ಟಿಪ್ಪಣಿಗಳಿಂದ ರಿಚರ್ಡ್ಸ್ ಓದಿನ ಹತ್ತು ತೊಡಕುಗಳನ್ನು ಗುರುತಿಸಿದ. ಅವುಗಳಲ್ಲಿ ಮೊದಲನೆಯದು ಕವಿತೆಯ ಸರಳ ವಾಚ್ಯಾರ್ಥವೇ ತಿಳಿಯದಿರುವುದು. ಇಂದ್ರಿಯಗಮ್ಯವಾದ ನಾದ ಮತ್ತು ಲಯಗಳನ್ನು ಗ್ರಹಿಸಲಾರದಿರುವುದು, ಸಿದ್ಧ ಪ್ರತಿಕ್ರಿಯೆಗಳನ್ನು ಕವಿತೆಯ ಮೇಲೆ ಹೇರುವುದು, ಭಾವಾತಿರೇಕ, ತತ್ತ್ವ ಅಥವಾ ಮತದ ನಂಬಿಕೆ ಓದಿಗೆ ಅಡ್ಡ ಬರುವುದು ಇತ್ಯಾದಿಗಳು ಉಳಿದವು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೆಂದರೆ, ಈ ಪಟ್ಟಿ ಗ್ರಂಥಾಲಯದಲ್ಲಿ ಕುಳಿತು ಕಲ್ಪಿಸಿದ್ದಲ್ಲ. ತಪ್ಪು ಉತ್ತರಗಳನ್ನು ಅಂಕ ಕಳೆಯಬೇಕಾದ ದೋಷವೆಂದು ಕಾಣದೆ, ಓದುವ ಮನಸ್ಸು ಎಲ್ಲಿ ಎಡವುತ್ತದೆ ಎಂಬುದಕ್ಕೆ ಸಾಕ್ಷ್ಯವೆಂದು ಕಂಡದ್ದರಿಂದ ಅದು ಸಾಧ್ಯವಾಯಿತು. ಪರೀಕ್ಷಿಸುವುದು, ಪ್ರತಿಕ್ರಿಯೆ ನೀಡುವುದು, ಉಪನ್ಯಾಸ ಮಾಡುವುದು ಎಂಬ ಮೂರು ಕೆಲಸಗಳು ಅಲ್ಲಿ ಒಂದೇ ಕೆಲಸದ ಮೂರು ಮುಖಗಳಾಗಿದ್ದವು.

ಈ ಪದ್ಧತಿಯನ್ನು ಆದರ್ಶವೆಂದು ಎತ್ತಿ ಹಿಡಿಯುವ ಮುನ್ನ ಅದರ ಮಿತಿಯನ್ನೂ ಹೇಳಬೇಕು. ರಿಚರ್ಡ್ಸ್‌ನ ವಿದ್ಯಾರ್ಥಿಗಳು ಆತನ ಮನೋವೈಜ್ಞಾನಿಕ ಸಿದ್ಧಾಂತಕ್ಕೆ ಮಾದರಿಗಳಾಗಿ ಒದಗುತ್ತಾರೆಯೇ ಹೊರತು ಸಂವಾದದ ಸಹಭಾಗಿಗಳಾಗುವುದು ಕಡಿಮೆ. ಅವರು ಆತನಿಗೆ ಮರುಮಾತು ಹೇಳುವ ಅವಕಾಶ ಪುಸ್ತಕದಲ್ಲಿ ಇಲ್ಲ. ಕೆಲವೆಡೆ ಆತನ ವ್ಯಂಗ್ಯ ಕಟುವಾಗಿಯೇ ಇದೆ. ಹಾಗಿದ್ದರೂ ಒಂದು ಮಾತು ನಿಜ: ಆ ತರಗತಿಯಲ್ಲಿ ವಿದ್ಯಾರ್ಥಿ ಬರೆದದ್ದನ್ನು ಓದಲಾಯಿತು, ಮತ್ತು ಓದಿದ್ದು ಅವನಿಗೆ ಮರಳಿ ತಲುಪಿತು.

ಕನ್ನಡಕ್ಕೆ ಇದು ಹೇಗೆ ಬಂತು? ನವ್ಯದ ಪ್ರಮುಖ ಲೇಖಕರಲ್ಲಿ ಅನೇಕರು ಇಂಗ್ಲಿಷ್ ಅಧ್ಯಾಪಕರು. ಗೋಪಾಲಕೃಷ್ಣ ಅಡಿಗರು, ಮೈಸೂರಿನಲ್ಲಿದ್ದ ಯು. ಆರ್. ಅನಂತಮೂರ್ತಿಯವರು, ಬೆಂಗಳೂರಿನಲ್ಲಿದ್ದ ಪಿ. ಲಂಕೇಶರು, ಕೊಲ್ಹಾಪುರದಲ್ಲಿದ್ದ ಶಾಂತಿನಾಥ ದೇಸಾಯಿಯವರು ಎಲ್ಲರೂ ತರಗತಿಯಲ್ಲಿ ಇಂಗ್ಲಿಷ್ ಕವಿತೆಯನ್ನು ಬಿಡಿಸಿ ತೋರಿಸುವ ಕಸುಬನ್ನು ಬಲ್ಲವರು. ಕೃತಿಯ ಹೊರಗಿನ ಸಂಗತಿಗಳನ್ನು ಬದಿಗಿರಿಸಿ ಕೃತಿಯ ಭಾಷೆಯನ್ನೇ ನೆಚ್ಚಿ ಓದುವ ಕ್ರಮ 1962ರಲ್ಲಿ ಆರಂಭವಾದ ಅಡಿಗರ 'ಸಾಕ್ಷಿ'ಯಂಥ ಪತ್ರಿಕೆಗಳ ಮೂಲಕ ಕನ್ನಡದಲ್ಲಿ ಬೇರೂರಿತು. ಅದರಿಂದ ಕನ್ನಡ ವಿಮರ್ಶೆಗೆ ಆದ ಲಾಭ ಅಲ್ಪವಲ್ಲ. ಆದರೆ ಅಲ್ಲಿ ಓದುವವನು ವಿಮರ್ಶಕ. ವಿದ್ಯಾರ್ಥಿಯ ಓದು ಹೇಗಿದೆ, ಅದು ಎಲ್ಲಿ ತಡೆಯುತ್ತದೆ ಎಂಬ ಪ್ರಶ್ನೆ ಆ ಚರ್ಚೆಗಳ ಕೇಂದ್ರಕ್ಕೆ ಬರಲಿಲ್ಲ. ಸಂಕೀರ್ಣತೆ, ಪ್ರತಿಮೆ, ವ್ಯಂಗ್ಯ, ಅನುಭವದ ಅಧಿಕೃತತೆ ಮೊದಲಾದ ಪರಿಭಾಷೆಗಳು ತರಗತಿಯ ನೋಟ್ಸಿಗೂ, ಅಲ್ಲಿಂದ ಗೈಡುಗಳಿಗೂ, ಗೈಡುಗಳಿಂದ ಉತ್ತರ ಪತ್ರಿಕೆಗೂ ಇಳಿದವು. ಸಿದ್ಧ ಪ್ರತಿಕ್ರಿಯೆಯನ್ನು ಒಡೆಯಲು ಹುಟ್ಟಿದ ಮಾತುಗಳೇ ಸಿದ್ಧ ಪ್ರತಿಕ್ರಿಯೆಗಳಾಗಿ ನಿಂತದ್ದು ಈ ಪಯಣದ ವಿಪರ್ಯಾಸ. ಅಲ್ಲಮನ ಒಂದು ಬೆಡಗಿನ ವಚನವನ್ನು ಕೊಟ್ಟರೂ 'ಈ ವಚನವು ಸಾಮಾಜಿಕ ಸಮಾನತೆಯನ್ನು ಸಾರುತ್ತದೆ' ಎಂದು ಬರೆಯುವ ವಿದ್ಯಾರ್ಥಿಯನ್ನು ನಾವೆಲ್ಲರೂ ಬಲ್ಲೆವು. ಅವನು ವಚನವನ್ನು ಓದಿಲ್ಲ, 'ವಚನ' ಎಂಬ ಪದವನ್ನು ಓದಿದ್ದಾನೆ.

ಇದಕ್ಕೆ ವಿದ್ಯಾರ್ಥಿಯನ್ನು ದೂರುವುದು ಸುಲಭ. ಆದರೆ ನಮ್ಮ ವಿಶ್ವವಿದ್ಯಾನಿಲಯಗಳ ಹುಟ್ಟಿನಲ್ಲಿಯೇ ಈ ತೊಡಕಿನ ಬೀಜವಿದೆ. 1857ರಲ್ಲಿ ಕಲ್ಕತ್ತೆ, ಮುಂಬಯಿ ಮತ್ತು ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳು ಲಂಡನ್ ಮಾದರಿಯನ್ನು ಅನುಸರಿಸಿ, ಪಾಠ ಹೇಳುವುದಕ್ಕಿಂತ ಪರೀಕ್ಷೆ ನಡೆಸಿ ಪದವಿ ನೀಡುವುದಕ್ಕಾಗಿ ರೂಪುಗೊಂಡವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವವರೆಗೆ ಮೈಸೂರು ಸೀಮೆಯ ಕಾಲೇಜುಗಳು ಮದರಾಸಿನ ಪರೀಕ್ಷೆಗೇ ಅಧೀನವಾಗಿದ್ದವು. ಬೋಧನೆ ಪರೀಕ್ಷೆಯ ಅಡಿಯಾಳಾಗಿದೆ ಎಂದು 1902ರ ವಿಶ್ವವಿದ್ಯಾನಿಲಯ ಆಯೋಗವೇ ಆಕ್ಷೇಪಿಸಿತು. ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಆಗಬೇಕು ಎಂಬ ಅಭಿಪ್ರಾಯವನ್ನು 1948-49ರ ರಾಧಾಕೃಷ್ಣನ್ ಆಯೋಗ ಮುಂದಿಟ್ಟಿತು. ಸೆಮಿಸ್ಟರ್, ಆಂತರಿಕ ಮೌಲ್ಯಮಾಪನ, ಕ್ರೆಡಿಟ್ ಪದ್ಧತಿಗಳೆಲ್ಲ ಆ ಬಳಿಕ ಬಂದವು. ಇವುಗಳಿಂದ ಪರೀಕ್ಷೆಗಳ ಸಂಖ್ಯೆ ಹೆಚ್ಚಿತು, ಪರೀಕ್ಷೆಯ ಸ್ವಭಾವ ಬದಲಾಗಲಿಲ್ಲ. 'ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೂಲದಲ್ಲಿ ಇದು ಅತ್ಯಂತ ಒಳ್ಳೆಯ ಪ್ರಶ್ನೆ. ಸ್ವಾರಸ್ಯವನ್ನು ಕಾಣುವುದೇ ವಿಮರ್ಶೆ. ಆದರೆ ಉತ್ತರದಲ್ಲಿ ಸಂದರ್ಭಕ್ಕೆ ನಾಲ್ಕು ಸಾಲು, ಸ್ವಾರಸ್ಯಕ್ಕೆ 'ಇಲ್ಲಿ ಕವಿಯ ಕಾವ್ಯಶಕ್ತಿ ಎದ್ದು ಕಾಣುತ್ತದೆ' ಎಂಬ ಒಂದು ಸಾಲು. ಅಂಕ ದೊರೆಯುವುದು ಸಂದರ್ಭಕ್ಕೆ ಎಂಬುದು ಬರೆಯುವವನಿಗೂ ಗೊತ್ತು, ತಿದ್ದುವವನಿಗೂ ಗೊತ್ತು.

ಉತ್ತರ ಪತ್ರಿಕೆ ತಿದ್ದಿದ ಮೇಲೆ ಎಲ್ಲಿಗೆ ಹೋಗುತ್ತದೆ? ಕೇಂದ್ರ ಮೌಲ್ಯಮಾಪನದ ಕಟ್ಟಿಗೆ, ಅಲ್ಲಿಂದ ರದ್ದಿಗೆ. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ನೋಡುವ ಅಧಿಕಾರ ಪರೀಕ್ಷಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತೀರ್ಪು ನೀಡಿತು. ಮಹತ್ತ್ವದ ತೀರ್ಪು ಅದು. ಆದರೆ ಅರ್ಜಿ ಸಲ್ಲಿಸಿ ಪಡೆದ ಪ್ರತಿಯಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಸಿಗುವುದೇನು? ಅಂಚಿನಲ್ಲಿ ಒಂದು ಸಂಖ್ಯೆ, ಹೆಚ್ಚೆಂದರೆ ಒಂದು ಅಡ್ಡಗೆರೆ. ಹಾಗೆಯೇ ಸಂಶೋಧಕರು ಗಮನಿಸಬೇಕಾದ ಇನ್ನೊಂದು ಬೆಳವಣಿಗೆಯಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಬರೆದು ಉತ್ತರಿಸುವ ಮೂರನೆಯ ಪತ್ರಿಕೆ 2012ರ ಜೂನ್‌ನಿಂದ ಬಹುಆಯ್ಕೆಯ ಪ್ರಶ್ನೆಗಳಿಗೆ ಎಡೆಮಾಡಿಕೊಟ್ಟಿತು. ಅಂದಿನಿಂದ ಕನ್ನಡ ಸಾಹಿತ್ಯವನ್ನು ಕಾಲೇಜಿನಲ್ಲಿ ಬೋಧಿಸುವ ಅರ್ಹತೆಯನ್ನು, ತನ್ನದೇ ಆದ ಒಂದು ಕನ್ನಡ ವಾಕ್ಯವನ್ನೂ ಬರೆಯದೆ, ಆ ಪರೀಕ್ಷೆಯ ಮೂಲಕ ಪಡೆಯುವುದು ಸಾಧ್ಯವಾಗಿದೆ. ಕೃತಿ ಮತ್ತು ಕರ್ತೃಗಳನ್ನು ಹೊಂದಿಸಿ ಬರೆಯುವ ಸಾಮರ್ಥ್ಯಕ್ಕೆ ಬೆಲೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಬರೆದು ತಿದ್ದಿಸಿಕೊಳ್ಳದೆ ಬಂದವನಿಂದ ಬರೆಸಿ ತಿದ್ದುವ ಅಧ್ಯಾಪಕನನ್ನು ನಿರೀಕ್ಷಿಸುವುದು ಕಷ್ಟ.

ತಿದ್ದುವುದು ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಬರುವ ಭಾಗ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವಂಥದು. 'ದುರ್ಯೋಧನನು ದುರಂತ ನಾಯಕನಾಗಿದ್ದಾನೆ. ರನ್ನನು ಅವನ ದುಃಖವನ್ನು ಮನೋಜ್ಞವಾಗಿ ಚಿತ್ರಿಸಿದ್ದಾನೆ' ಎಂದು ವಿದ್ಯಾರ್ಥಿ ಬರೆದಿದ್ದಾನೆಂದು ಇಟ್ಟುಕೊಳ್ಳೋಣ. ಹತ್ತಕ್ಕೆ ಐದು ಅಂಕ ಕೊಟ್ಟು ಮುಂದಕ್ಕೆ ಹೋಗುವುದು ರೂಢಿ. 'ಇನ್ನೂ ವಿವರವಾಗಿ ಬರೆಯಬೇಕು' ಎಂದು ಷರಾ ಹಾಕುವವರು ಶ್ರದ್ಧಾವಂತರು. ಆದರೆ ಆ ಷರಾದಿಂದ ವಿದ್ಯಾರ್ಥಿ ಕಲಿಯುವುದು ಹೆಚ್ಚು ಪುಟ ತುಂಬಬೇಕು ಎಂಬುದನ್ನು ಮಾತ್ರ. ಇದಕ್ಕೆ ಬದಲು ಅಂಚಿನಲ್ಲಿ ಹೀಗೆ ಕೇಳಬಹುದು: ಈ ಕಾವ್ಯಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಇದೆ, ಕವಿಯ ಲೆಕ್ಕದಲ್ಲಿ ನಾಯಕ ಭೀಮ, ಹಾಗಿರುವಾಗ ದುರ್ಯೋಧನನನ್ನು ನಾಯಕನೆಂದವರು ಯಾರು, ನೀವೋ ರನ್ನನೋ? ದುಶ್ಶಾಸನನ ಹೆಣದ ಮುಂದೆ ಅವನು ಹುಟ್ಟಿನಿಂದ ಎಲ್ಲದರಲ್ಲಿಯೂ ಇದ್ದ ಅಣ್ಣ ತಮ್ಮಂದಿರ ಸರದಿ ಸಾವಿನಲ್ಲಿ ಮಾತ್ರ ತಪ್ಪಿತೆಂದು ಕೊರಗುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಹೆಣದ ಮುಂದೆ ಅವನ ಪರಾಕ್ರಮವನ್ನು ಕೊಂಡಾಡುತ್ತಾನೆ. ಈ ಎರಡೂ ಒಂದೇ ದುಃಖವೆ?

ಮೊದಲ ಪ್ರಶ್ನೆ ವಿದ್ಯಾರ್ಥಿಯನ್ನು ಬಿ. ಎಂ. ಶ್ರೀಯವರ ಕಡೆಗೆ ಒಯ್ಯುತ್ತದೆ. ರನ್ನನ ಕಾವ್ಯವನ್ನು ಆಧರಿಸಿ ಅವರು 1926ರಲ್ಲಿ ಪ್ರಕಟಿಸಿದ 'ಗದಾಯುದ್ಧ ನಾಟಕಂ' ಗ್ರೀಕ್ ರುದ್ರನಾಟಕದ ಕಣ್ಣಿನಿಂದ ದುರ್ಯೋಧನನನ್ನು ಕಂಡಿತು. ನಮ್ಮ ವಿದ್ಯಾರ್ಥಿ ತನ್ನದೆಂದು ಬರೆದ ವಾಕ್ಯ ಒಂದು ಶತಮಾನದ ಹಿಂದಿನ ಒಂದು ದಿಟ್ಟ ಓದಿನ ತುಣುಕು. ಅದು ಅವನಿಗೆ ತಿಳಿದರೆ, ಆ ಓದನ್ನು ಒಪ್ಪಲೂಬಹುದು, ಬಿಡಲೂಬಹುದು. ಎರಡನೆಯ ಪ್ರಶ್ನೆ ಅವನನ್ನು ಪಠ್ಯಕ್ಕೆ ಮರಳಿಸುತ್ತದೆ. ಎರಡೂ ಪ್ರಶ್ನೆಗಳನ್ನು ಬರೆಯಲು ಅಧ್ಯಾಪಕನಿಗೆ ಬೇಕಾದದ್ದು ಕೆಲವೇ ನಿಮಿಷ. ಆದರೆ ಉತ್ತರ ಮತ್ತೆ ಬರೆದು ತರಲು ಅವಕಾಶವಿರಬೇಕು. ಮರುಬರವಣಿಗೆಗೆ ಎಡೆಯಿಲ್ಲದ ಷರಾ ಹೆಣಕ್ಕೆ ಹೇಳಿದ ಪಥ್ಯದಂತೆ.

ಅಂಕ ಮತ್ತು ಷರಾಗಳ ಸಂಬಂಧವನ್ನು ಕುರಿತು ಶಿಕ್ಷಣ ಮನೋವಿಜ್ಞಾನದಲ್ಲಿ ನಡೆದಿರುವ ಕೆಲಸ ನಮಗೆ ಉಪಯುಕ್ತ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷರಾ ಮಾತ್ರ ಪಡೆದ ಮಕ್ಕಳ ಕಲಿಕೆಯೂ ಆಸಕ್ತಿಯೂ ಸುಧಾರಿಸಿದವು. ಅಂಕ ಮಾತ್ರ ಪಡೆದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಅಚ್ಚರಿಯೆಂದರೆ ಅಂಕ ಮತ್ತು ಷರಾ ಎರಡನ್ನೂ ಒಟ್ಟಿಗೆ ಪಡೆದವರಿಗೂ ಷರಾದ ಪ್ರಯೋಜನ ದಕ್ಕಲಿಲ್ಲ. ಕಣ್ಣು ಅಂಕದ ಮೇಲೆ ಬಿದ್ದ ಮೇಲೆ ಮಾತು ಕಿವಿಗೆ ಬೀಳುವುದಿಲ್ಲ ಎಂದು ಇದನ್ನು ನಾವು ಅರ್ಥೈಸಬಹುದು. ಅವರು ಶಾಲಾಮಕ್ಕಳು ಎಂಬುದನ್ನು ಮರೆಯುವಂತಿಲ್ಲ. ಸ್ನಾತಕೋತ್ತರ ತರಗತಿಗೆ ಇದನ್ನು ನೇರವಾಗಿ ಅನ್ವಯಿಸುವುದು ಅವಸರವಾದೀತು. ಆದರೂ ಆಂತರಿಕ ಮೌಲ್ಯಮಾಪನದ ಪ್ರಬಂಧವನ್ನು ಮೊದಲು ಷರಾದೊಡನೆ ಮರಳಿಸಿ, ತಿದ್ದಿ ಬರೆದ ಪ್ರತಿಗೆ ಮಾತ್ರ ಅಂಕ ನೀಡುವುದಕ್ಕೆ ಯಾವ ನಿಯಮವೂ ಅಡ್ಡಿಯಾಗಲಾರದು.

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿಯೇ ಇಂಥ ಒಂದು ಷರಾ ಪ್ರಸಿದ್ಧವಾಗಿದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಸೂಚಿಸಿದರು. ಈ ಪ್ರಸಂಗವನ್ನು ಕನ್ನಡಾಭಿಮಾನದ ಕಥೆಯಾಗಿ ಹೇಳುವುದುಂಟು. ಆದರೆ ಕೈಯಲ್ಲಿದ್ದ ಬರಹವನ್ನು ಓದಿ, ಅದಕ್ಕೆ ಬೆಲೆ ಕಟ್ಟುವುದಕ್ಕಿಂತ ಮುಂದೇನು ಮಾಡಬೇಕೆಂದು ಹೇಳಿದ ಪ್ರತಿಕ್ರಿಯೆಯಾಗಿಯೂ ಅದನ್ನು ಓದಬಹುದು. ಅದು ನಡೆದದ್ದು ತರಗತಿಯ ಹೊರಗೆ ಎಂಬುದು ಗಮನಾರ್ಹ.

ತರಗತಿಯ ಒಳಗೆ ನಾವು ಗೌರವಿಸಿದ್ದು ವಾಗ್ಮಿತೆಯನ್ನು. ಕನ್ನಡದ ಮೇಷ್ಟ್ರುಗಳನ್ನು ಕುರಿತ ನೆನಪುಗಳಲ್ಲಿ ಅವರ ಕಂಠ, ಅವರ ಓಘ, ಬೇರೆ ವಿಭಾಗದವರೂ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಇವೇ ಹೆಚ್ಚು. ವಿದ್ಯಾರ್ಥಿಯ ಪ್ರಬಂಧದ ಅಂಚಿನಲ್ಲಿ ಅವರು ಏನು ಬರೆದರು ಎಂಬುದು ಅಪರೂಪ. ವಾಚನ ಮತ್ತು ವ್ಯಾಖ್ಯಾನಗಳ ನಮ್ಮ ಪರಂಪರೆ ಇದಕ್ಕೆ ಕಾರಣವಾಗಿರಬಹುದು, ಮತ್ತು ಆ ಪರಂಪರೆ ತುಚ್ಛವಲ್ಲ. ಗಮಕಿಯೂ ವ್ಯಾಖ್ಯಾನಕಾರರೂ ಸಭೆಯ ಮುಖವನ್ನು ನೋಡುತ್ತಲೇ ಮುಂದುವರಿಯುತ್ತಾರೆ. ಸಭೆಗೆ ತಿಳಿಯಲಿಲ್ಲವೆಂದು ಕಂಡರೆ ಅದೇ ಪದ್ಯಕ್ಕೆ ಮರಳುತ್ತಾರೆ. ನೋಟ್ಸ್ ಹೇಳಿ ಬರೆಸುವ ತರಗತಿಯಲ್ಲಿ ಈ ಮುಖ ನೋಡುವ ಕ್ರಿಯೆಯೇ ಇಲ್ಲ. ಉಪನ್ಯಾಸವನ್ನು ನಡುನಡುವೆ ನಿಲ್ಲಿಸಿ ವಿದ್ಯಾರ್ಥಿಗಳನ್ನು ಪರಸ್ಪರ ಚರ್ಚೆಗೆ ಹಚ್ಚುವ ಕ್ರಮವನ್ನು ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ರೂಢಿಸಿದ. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ತರಗತಿಗಳನ್ನು ಕುರಿತ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇಕಡಾ 34ರಷ್ಟು, ವಿದ್ಯಾರ್ಥಿಗಳನ್ನು ತೊಡಗಿಸಿದ ತರಗತಿಗಳಲ್ಲಿ ಶೇಕಡಾ 22ರಷ್ಟು ಎಂದು ಕಂಡುಬಂತು. ಕಾವ್ಯದ ತರಗತಿಯನ್ನು ಈ ಅಂಕಿಗಳಿಂದ ಅಳೆಯಲು ಬರುವುದಿಲ್ಲ. ನಮಗೆ ಇದರಿಂದ ಸಿಗುವುದು ಒಂದು ಸೂಚನೆ ಅಷ್ಟೆ: ಉಪನ್ಯಾಸದ ಆಕರ್ಷಣೆ ಮಾತುಗಾರಿಕೆಯಲ್ಲಿ ಮಾತ್ರ ಇಲ್ಲ. ತನ್ನ ಓದಿನ ಟಿಪ್ಪಣಿಯೇ ಇಂದಿನ ಪಾಠದ ವಸ್ತುವೆಂದು ತಿಳಿದ ವಿದ್ಯಾರ್ಥಿ, ಮಾತುಗಾರನಲ್ಲದ ಅಧ್ಯಾಪಕನ ಮುಂದೆಯೂ ಕಿವಿಗೊಟ್ಟು ಕೂರುತ್ತಾನೆ.

ಹಾಗಾದರೆ ರಿಚರ್ಡ್ಸ್‌ನ ಪ್ರಯೋಗವನ್ನು ಕನ್ನಡ ತರಗತಿಗೆ ಹಾಗೆಯೇ ತರಬಹುದೆ? ಇಲ್ಲಿ ಒಂದು ತಾತ್ತ್ವಿಕ ತೊಡಕಿದೆ, ಮತ್ತು ನಮಗೆ ಅತ್ಯಂತ ಆಸಕ್ತಿಯ ಸಂಗತಿಯೂ ಅದೇ. ನಮ್ಮ ಪಠ್ಯಗಳಲ್ಲಿ 'ಕವಿ ಪರಿಚಯ' ಮೊದಲು, ಕವಿತೆ ಆಮೇಲೆ. ಹೆಸರನ್ನು ಮರೆಸುವುದು ಈ ಅಭ್ಯಾಸಕ್ಕೆ ಮದ್ದು ಎನಿಸುತ್ತದೆ. ಆದರೆ ವಚನದಲ್ಲಿ ಹೆಸರು ಪಠ್ಯದ ಒಳಗೇ ಇದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಕರ್ತೃವನ್ನು ಸೂಚಿಸುವುದರ ಜೊತೆಗೆ ವಚನದ ಸಂಬೋಧನೆಯೂ ಆಗಿವೆ. ಅಂಕಿತವನ್ನು ತೆಗೆದರೆ ಮಾತು ಯಾರಿಗೆ ಎಂಬುದೇ ಕಳೆದುಹೋಗಿ, ಸಂವಾದ ಸ್ವಗತವಾಗುತ್ತದೆ. ಕೀರ್ತನೆಗಳ ಮಾತೂ ಹೀಗೆಯೇ. ಬೇಂದ್ರೆಯವರ ಕವಿತೆಗಂತೂ ಹೆಸರು ಬೇಡ, ಧಾರವಾಡದ ಮಾತೇ ಅವರನ್ನು ಹೇಳಿಬಿಡುತ್ತದೆ. ಇನ್ನೊಂದೆಡೆ ಜನಪದ ಗೀತೆಗೆ ಮರೆಸಲು ಹೆಸರೇ ಇಲ್ಲ. ಓದುಗ ಹೊರಗಿನದೇನನ್ನೂ ತಾರದೆ ಕೃತಿಯೊಡನೆ ಒಬ್ಬನೇ ನಿಲ್ಲಬೇಕೆಂಬ ರಿಚರ್ಡ್ಸ್‌ನ ಕಲ್ಪನೆ ಒಂದು ನಿರ್ದಿಷ್ಟ ಬಗೆಯ ಮುದ್ರಿತ ಕವಿತೆಗೆ ಸಲ್ಲುವಂಥದು. ಕನ್ನಡದಲ್ಲಿ ಅದನ್ನು ತಿರುಗಿಸಿ ಬಳಸಬೇಕಾಗುತ್ತದೆ. ತರಗತಿಯ ಅರ್ಧ ಜನರಿಗೆ ಅಂಕಿತವಿರುವ ವಚನವನ್ನೂ ಉಳಿದವರಿಗೆ ಅಂಕಿತವಿಲ್ಲದ ಪಾಠವನ್ನೂ ಕೊಟ್ಟು, ಎರಡು ಬಗೆಯ ಟಿಪ್ಪಣಿಗಳನ್ನು ಮುಂದಿನ ವಾರ ಎದುರುಬದುರಾಗಿಟ್ಟರೆ, ಅಂಕಿತ ಏನು ಕೆಲಸ ಮಾಡುತ್ತದೆ ಎಂಬುದು ಯಾವ ಉಪನ್ಯಾಸಕ್ಕಿಂತಲೂ ಸ್ಪಷ್ಟವಾಗಿ ಕಾಣಬಹುದು. ಇದು ಬೋಧನೆಯಷ್ಟೇ ಅಲ್ಲ, ಸಂಶೋಧನೆಯೂ ಹೌದು.

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಕೆಲಸದಲ್ಲಿ ವಿಶೇಷ ಅವಕಾಶವಿದೆಯೆಂದು ನಾವು ಭಾವಿಸುತ್ತೇವೆ. ಇಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ. ಅದನ್ನು ಕೊರತೆಯೆಂದೇ ಪರಿಗಣಿಸುತ್ತ ಬಂದಿದ್ದೇವೆ, ಆಡಳಿತದವರಂತೂ ಹಾಗೆಯೇ ಎಣಿಸುತ್ತಾರೆ. ಆದರೆ ಹತ್ತು ಮಂದಿಯ ತರಗತಿಯಲ್ಲಿ ಹತ್ತು ಟಿಪ್ಪಣಿಗಳನ್ನೂ ಓದಿ ಮರಳಿಸಬಹುದು, ನೂರು ಮಂದಿಯ ತರಗತಿಯಲ್ಲಿ ಅದು ದುಸ್ಸಾಧ್ಯ. ಇಲ್ಲಿಯ ವಿದ್ಯಾರ್ಥಿಗಳ ಭಾಷಾ ಹಿನ್ನೆಲೆಯೂ ಒಂದೇ ತೆರನಲ್ಲ. ಮುಂಬಯಿಯಲ್ಲಿ ಮನೆಮಾತು ತುಳು ಅಥವಾ ಕೊಂಕಣಿಯಾಗಿರುವವರು, ಹೈದರಾಬಾದಿನಲ್ಲಿ ತೆಲುಗು ಮತ್ತು ಉರ್ದುಗಳ ನಡುವೆ ಬೆಳೆದವರು, ಕನ್ನಡವನ್ನು ಮಾತಾಡಿ ಲಿಪಿಯನ್ನು ತಡವಾಗಿ ಕಲಿತವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇವರೆಲ್ಲರನ್ನೂ ಒಂದೇ ಬರವಣಿಗೆಯ ಪರೀಕ್ಷೆಯಿಂದ ಅಳೆದಾಗ ತಿಳಿಯದೆ ಹೋಗುವುದು ಬಹಳ. ಯಕ್ಷಗಾನದ ಹಾಡನ್ನು ಕೇಳಿ ಬೆಳೆದ ವಿದ್ಯಾರ್ಥಿ ಕುಮಾರವ್ಯಾಸನ ಪದ್ಯಕ್ಕೆ ಪದವಿಭಾಗ ಮಾಡುವಲ್ಲಿ ತೊಡರಬಹುದು. ಅದೇ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿದರೆ ಮೂರು-ನಾಲ್ಕು ಮಾತ್ರೆಗಳ ಭಾಮಿನಿಯ ನಡೆಯನ್ನು ಎಲ್ಲಿಯೂ ಮುರಿಯದೆ, ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯ ಗುರುವಿನ ಮೇಲೆ ಸರಿಯಾಗಿ ನಿಲ್ಲಬಹುದು. ರಿಚರ್ಡ್ಸ್‌ನ ಪಟ್ಟಿಯಲ್ಲಿ ವಾಚ್ಯಾರ್ಥದ ತೊಡಕೂ ನಾದಗ್ರಹಣದ ತೊಡಕೂ ಬೇರೆ ಬೇರೆ. ನಮ್ಮ ಪರೀಕ್ಷೆ ಮೊದಲನೆಯದನ್ನು ಮಾತ್ರ ಕಾಣುತ್ತದೆ.

ಇದೆಲ್ಲಕ್ಕೂ ಸಮಯ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಹೊರೆಯಲ್ಲಿ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರು ಹೊರುತ್ತಿದ್ದಾರೆ. ಹೊರನಾಡಿನ ವಿಭಾಗಗಳೂ ಇದಕ್ಕೆ ಹೊರತಲ್ಲ. ಅವರ ಕೆಲಸವನ್ನು ಲೆಕ್ಕ ಹಾಕುವುದು ತರಗತಿಯ ಗಂಟೆಗಳಿಂದ. ಪ್ರಬಂಧವನ್ನು ಮನೆಗೆ ಒಯ್ದು ಓದಿ ಷರಾ ಬರೆಯುವ ಗಂಟೆ ಆ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಪಠ್ಯಕ್ರಮ ಸಮಿತಿಗಳ ಮುಂದೆ ಇಡಬೇಕಾದ ಬೇಡಿಕೆ ಪ್ರಶ್ನೆಪತ್ರಿಕೆಯ ಮಾದರಿಯನ್ನು ಬದಲಿಸುವುದು ಮಾತ್ರವಲ್ಲ. ಸೆಮಿಸ್ಟರಿಗೆ ಒಂದಾದರೂ ಬರಹವನ್ನು ತಿದ್ದಿ ಮರಳಿಸುವ ಅವಧಿಯನ್ನು ಬೋಧನೆಯ ಗಂಟೆಯೆಂದೇ ಎಣಿಸಿ, ಅದಕ್ಕೆ ಸಂಭಾವನೆ ನೀಡಬೇಕು. ಅದಕ್ಕಾಗಿ ಪಠ್ಯದಲ್ಲಿ ಎರಡು ಕವಿತೆಗಳು ಕಡಿಮೆಯಾದರೂ ಆಗಲಿ. ಉಳಿದ ಕವಿತೆಗಳ ಹಾಳೆಯ ಮೇಲೆ, ವಿದ್ಯಾರ್ಥಿಯ ಕೈಬರಹದಲ್ಲಿ, ಅವುಗಳನ್ನು ಎಷ್ಟು ಸಲ ಓದಲಾಯಿತು ಎಂಬ ಸಂಖ್ಯೆ ಇರುತ್ತದೆ.